ನಾಲೆಯ ಏರಿಯ ಮೇಲಿನ ಶನಿವಾರಗಳು

ಇದನ್ನು ಬರೆಯಬೇಕೆಂದು ಕೂತು, ಒಂದೆರಡು ಸಾಲು ಬರೆದು, ಹಾಳೆ ಮಡಚಿಟ್ಟು ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಹೆಂಡತಿ ಬದುಕಿದ್ದಾಗ ಅವಳಿಗೆ ನೋವಾದೀತು ಎಂದುಕೊಂಡೆ. ಅವಳು ಹೋದ ಮೇಲೆ ವರ್ಷದ ತಿಥಿ ಕಳೆಯಲಿ ಎಂದುಕೊಂಡೆ. ಆಮೇಲೆ ಕಣ್ಣಿನ ಆಪರೇಷನ್ ಆಗಲಿ, ಮೊಮ್ಮಗಳ ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹಾಕಿದೆ. ನಿಜವಾದ ಕಾರಣ ಇವು ಯಾವುದೂ ಅಲ್ಲ. ಬರೆದರೆ ನನ್ನ ಮಗಳು ಗೀತಾ ಓದುತ್ತಾಳೆ, ಅಷ್ಟೆ. ಓದಲಿ. ನನಗೆ ಎಪ್ಪತ್ತೆರಡು ತುಂಬಿತು. ಇನ್ನು ಯಾರ ಮುಂದೆ ಯಾವ ಮಾನ ಉಳಿಸಿಕೊಳ್ಳಬೇಕು?

ಹೋದ ತಿಂಗಳು ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದೆ. ಒಂದು ಮೋಟಾರು ರಿಪೇರಿ ಅಂಗಡಿಯ ಮುಂದೆ, ಹೊಸದಾಗಿ ತಂತಿ ಸುತ್ತಿದ ಮೋಟಾರುಗಳಿಗೆ ವಾರ್ನಿಷ್ ಬಳಿದು ಬಿಸಿಲಿಗೆ ಇಟ್ಟಿದ್ದರು. ಆ ವಾಸನೆ ಮೂಗಿಗೆ ಬಡಿದ ಕೂಡಲೇ ಕಾಲು ನಿಂತುಬಿಟ್ಟಿತು. ಅದು ನನ್ನ ಅಳಿಯನ ಅಂಗಡಿಯಲ್ಲ, ಇನ್ಯಾರದೋ. ಆದರೂ ಪಕ್ಕದ ಕಟ್ಟೆಯ ಮೇಲೆ ಕೂತೆ. ಎಂಟು ವರ್ಷದ ಹಿಂದಿನ ಆ ಮಳೆಗಾಲ, ನಾಲೆಯ ನೀರು, ಏರಿಯ ಮೇಲೆ ನನ್ನ ಮುಂದೆ ಮುಂದೆ ನಡೆಯುತ್ತಿದ್ದ ಒಬ್ಬ ಹುಡುಗ, ಎಲ್ಲ ಬಂದು ಎದುರು ನಿಂತವು.

ನಾನು ನೀರುಗಂಟಿಯಾಗಿದ್ದವನು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಇದೇ ಕೆಲಸಕ್ಕೆ ಸೇರಿ ಇದರಲ್ಲೇ ನಿವೃತ್ತನಾದೆ. ಕಬಿನಿ ನಾಲೆಯಿಂದ ಒಡೆದ ಒಂದು ಸಣ್ಣ ನಾಲೆ ನನ್ನ ಕೈಯಲ್ಲಿತ್ತು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ದಿನ ನೀರು ಎಂದು ಸರದಿ ಹಾಕುವುದು. ಸರದಿ ಇಲ್ಲದವರು ಹುಲ್ಲಿನ ಕಂತೆ ಅಡ್ಡ ಹಾಕಿ ನೀರು ತಿರುಗಿಸುತ್ತಿದ್ದರು, ಏರಿಯ ಕೆಳಗೆ ಪೈಪು ತೂರಿಸುತ್ತಿದ್ದರು. ನಾನು ಕಂಡರೂ ಕಾಣದವನ ಹಾಗೆ ಮುಂದೆ ಹೋಗಿ, ಸಂಜೆ ಅವರ ಜಗುಲಿಯ ಮೇಲೆ ಕೂತು, ಕಾಫಿ ಕುಡಿದು, "ನಾಳೆ ನಾನು ಬರೂ ಒತ್ಗೆ ಆ ಪೈಪು ಅಲ್ಲಿರಬಾರ್ದು ಕಣಪ್ಪ" ಎಂದಷ್ಟೇ ಹೇಳಿ ಬರುತ್ತಿದ್ದೆ. ಪೈಪು ಇರುತ್ತಿರಲಿಲ್ಲ. ಅಷ್ಟೂ ವರ್ಷದ ಸರ್ವಿಸಿನಲ್ಲಿ ಒಬ್ಬರ ಮೇಲೂ ದೂರು ಬರೆದವನಲ್ಲ. ದೂರು ಬರೆದರೆ ಊರು ಎರಡಾಗುತ್ತದೆ, ಸುಮ್ಮನಿದ್ದರೆ ನೀರು ಕೊನೆಯ ಗದ್ದೆಯವರೆಗೂ ಹೋಗುತ್ತದೆ ಎಂದು ನಂಬಿದ್ದೆ. ಅದು ನನಗೆ ದೊಡ್ಡ ಹೆಮ್ಮೆಯಾಗಿತ್ತು. "ನೀರುಗಂಟಿಯೋರು ಒಂದ್ ಮಾತು ಏಳುದ್ರೆ ಮುಗೀತು" ಎಂದು ಜನ ಹೇಳುತ್ತಿದ್ದರು.

ಆ ಹೆಸರೇ ನನ್ನನ್ನು ಶನಿವಾರದ ಕೂಟಕ್ಕೆ ಕರೆದೊಯ್ದದ್ದು. ನಂಜನಗೂಡಿನಲ್ಲಿ ಒಂದು ಟ್ರಸ್ಟಿನವರು ಅದನ್ನು ನಡೆಸುತ್ತಿದ್ದರು. ಹದಿನೆಂಟು ತುಂಬದ ಮಕ್ಕಳು ಸಣ್ಣ ಕಳ್ಳತನ, ಹೊಡೆದಾಟ ಅಂತ ಸಿಕ್ಕಿಬಿದ್ದರೆ, ಅವರ ಕಾಗದ ಮೈಸೂರಿನ ಬಾಲನ್ಯಾಯ ಮಂಡಳಿಗೆ ಹೋಗುವ ಮೊದಲು ಇಲ್ಲಿಗೆ ಬರುತ್ತಿತ್ತು. ಪ್ರತಿ ಹುಡುಗನಿಗೂ ಊರಿನ ಒಬ್ಬ ಹಿರಿಯರನ್ನು ಜೊತೆ ಮಾಡುತ್ತಿದ್ದರು. ಹದಿನಾರು ಶನಿವಾರ ಆ ಹಿರಿಯರ ಜೊತೆ ಹುಡುಗ ಇರಬೇಕು. ಕೊನೆಗೆ ಒಂದು ದಿನ ಹುಡುಗ, ಅವನ ಮನೆಯವರು, ನಷ್ಟವಾದವರು, ಜೊತೆಗಿದ್ದ ಹಿರಿಯರು ಎಲ್ಲ ಸುತ್ತ ಕೂರುವುದು. ಹುಡುಗ ನಡೆದದ್ದನ್ನೆಲ್ಲ ತನ್ನ ಬಾಯಿಂದಲೇ ಹೇಳಬೇಕು. ನಷ್ಟವಾದವರು ಒಪ್ಪಿದರೆ ಕಾಗದ ಅಲ್ಲಿಗೇ ನಿಲ್ಲುತ್ತದೆ. ಒಪ್ಪದಿದ್ದರೆ ಮೈಸೂರಿಗೆ.

ಶೈಲಜಾ ಮೇಡಂ ಎಂಬುವರು ಅದನ್ನು ನೋಡಿಕೊಳ್ಳುತ್ತಿದ್ದರು. ಮೂವತ್ತರ ಆಸುಪಾಸು, ಸ್ಕೂಟರಿನಲ್ಲಿ ಬರುವರು. ಹಿರಿಯರಿಗೆಲ್ಲ ಮೊದಲ ದಿನವೇ ಹೇಳಿದ್ದರು. "ಉಪದೇಶ ಮಾಡಬೇಡಿ, ಕೇಳಿಸಿಕೊಳ್ಳಿ. ಅವರು ಹೇಳಿದ್ದು ನಿಮ್ಮಲ್ಲೇ ಇರಲಿ. ಆದರೆ ಯಾರಾದರೂ ದೊಡ್ಡವರು ಮಗುವಿನ ಕೈಲಿ ತಪ್ಪು ಮಾಡಿಸಿದ್ದಾರೆ ಅಂತ ಗೊತ್ತಾದರೆ ಮಾತ್ರ ಅವತ್ತೇ ನನಗೆ ತಿಳಿಸಬೇಕು. ಅದನ್ನ ಮುಚ್ಚಿಡಬಾರದು." ನಾನು ತಲೆಯಾಡಿಸಿದ್ದೆ. ಎಲ್ಲರೂ ಆಡಿಸಿದ್ದರು.

ನನಗೆ ಕೊಟ್ಟ ಹುಡುಗ ಮಾದೇಶ. ಹದಿನಾರು ವರ್ಷ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ತಂದೆ ಬಿಟ್ಟುಹೋಗಿದ್ದ. ತಾಯಿ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕಪಿಲೆಯ ದಡದಲ್ಲಿ ಗುರುಮಲ್ಲಪ್ಪ ಎಂಬುವರ ಬಾಳೆತೋಟವಿತ್ತು. ಅವರ ಪಂಪುಸೆಟ್ಟಿನ ಮೋಟಾರುಗಳನ್ನು ಬಿಚ್ಚಿ ಒಳಗಿನ ತಾಮ್ರದ ತಂತಿ ಕಿತ್ತಿದ್ದ. ಎರಡು ಸಲ ದಕ್ಕಿಸಿಕೊಂಡ, ಮೂರನೆಯ ಸಲ ಸಿಕ್ಕಿಬಿದ್ದ. ಅಷ್ಟರಲ್ಲಿ ನೀರಿಲ್ಲದೆ ಗೊನೆ ಬಿಟ್ಟ ಬಾಳೆ ಸೊರಗಿಹೋಗಿತ್ತು.

"ಏನಪ್ಪ ನಿನ್ ಎಸ್ರು?" ಎಂದು ಮೊದಲ ದಿನ ಕೇಳಿದೆ.

"ಪೊಲೀಸ್ನೋರು ಬರ್ಕಂಡವ್ರಲ್ಲ, ಅದ್ರಲ್ ನೋಡ್ಕಳಿ."

"ಕನ್ನಡ್ಕ ತಂದಿಲ್ಲ ಕಣ್ಲಾ. ನೀನೇ ಏಳು."

ಅವನು ನನ್ನ ಜೇಬಿನಲ್ಲಿದ್ದ ಕನ್ನಡಕವನ್ನು ನೋಡಿದ. ನಕ್ಕ. ಹೆಸರು ಹೇಳಿದ.

ಆ ವರ್ಷ ಮಘೆ ಮಳೆ ಬಿಟ್ಟೂಬಿಡದೆ ಹಿಡಿದಿತ್ತು. ನಾಲೆಗೆ ನೀರು ಬಿಟ್ಟಿದ್ದರು. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ಹಾಕಿರಲಿಲ್ಲವಾದ್ದರಿಂದ ರೈತರು ನನ್ನನ್ನೇ ತೂಬು ನೋಡಿಕೊಳ್ಳಲು ಕೇಳಿಕೊಂಡಿದ್ದರು. ಕೋಣೆಯಲ್ಲಿ ಎದುರುಬದುರು ಕೂತು ಮಾತಾಡುವುದು ನನಗೂ ಬಾರದು, ಅವನಿಗೂ ಬಾರದು. ಮೇಡಂನ ಕೇಳಿ ಅವನನ್ನು ನಾಲೆಗೇ ಕರೆದುಕೊಂಡು ಹೋಗತೊಡಗಿದೆ. ಬೆಳಿಗ್ಗೆ ಎಂಟಕ್ಕೆ ನಂಜನಗೂಡಿನ ಬಸ್ಸಿನಿಂದ ನಮ್ಮೂರ ಗೇಟಿನ ಸ್ಟಾಪಿನಲ್ಲಿ ಇಳಿಯುವನು. ಇಬ್ಬರೂ ಏರಿಯ ಮೇಲೆ ತಲೆ ತೂಬಿನಿಂದ ಕೊನೆ ಗದ್ದೆಯವರೆಗೆ ನಡೆಯುವುದು, ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ, ಸಂಜೆಯ ಬಸ್ಸಿಗೆ ಹತ್ತಿಸುವುದು.

ಮೊದಲ ಎರಡು ವಾರ ಅವನು ಮಾತೇ ಆಡಲಿಲ್ಲ. ಮೂರನೆಯ ವಾರ ತೂಬಿನ ಚಕ್ರ ತಿರುಗಿಸಲು ಕೊಟ್ಟೆ. ತುಕ್ಕು ಹಿಡಿದು ಬಿಗಿಯಾಗಿತ್ತು. ಹಲ್ಲು ಕಚ್ಚಿ ತಿರುಗಿಸಿದ. ಹಲಗೆ ಎದ್ದು ನೀರು ನುಗ್ಗಿದಾಗ, ಸಣ್ಣ ಮಗುವಿನ ಹಾಗೆ ನೀರಿನ ಜೊತೆಗೇ ಏರಿಯ ಮೇಲೆ ಓಡಿದ. ತಿರುಗಿ ಬಂದು ಏದುಸಿರು ಬಿಡುತ್ತ ಕೇಳಿದ.

"ತಾತ, ಇಷ್ಟ್ ವರ್ಸ ಈ ಚಕ್ರ ತಿರುಗ್ಸದ್ನೇ ಮಾಡುದ್ರಾ ನೀವು?"

"ಊ ಕಣ್ಲಾ."

"ಅದ್ಕೆ ಗೌರ್ಮೆಂಟು ಸಂಬ್ಳ ಬೇರೆ ಕೊಡ್ತಾ? ಮೋಟ್ರು ಬಿಚ್ಚದು ಇದ್ಕಿಂತ ಕಷ್ಟದ್ ಕೆಲ್ಸ ಕಣ್ ತಾತ."

ನನಗೆ ನಗು ತಡೆಯಲಾಗಲಿಲ್ಲ. ಉಪದೇಶ ಮಾಡಬೇಕಾದ ಜಾಗದಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅವತ್ತಿನಿಂದ ಅವನ ಬಾಯಿ ನಿಲ್ಲಲಿಲ್ಲ. ನೀರಿಗೆ ಎಲೆ ಬಿಟ್ಟು, ಅದರ ಜೊತೆ ನಡೆದು ಹೆಜ್ಜೆ ಎಣಿಸಿ ನೀರಿನ ವೇಗ ತಿಳಿಯುವುದನ್ನು ಕಲಿತ. ಯಾರ ಗದ್ದೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡ. ನಾಟಿ ಹಾಕುವ ಹೆಂಗಸರು ಅವನನ್ನು ಕಂಡು, "ಏನ್ ನೀರುಗಂಟಿಯಪ್ಪೋ, ಮಗ್ಳುನ್ ಕೊಟ್ಟಾಯ್ತು, ಇದ್ಯಾವನ್ ಇಡ್ಕಂಡ್ ಬತ್ತಾ ಇದ್ದೀರಿ ಮನೆ ಅಳಿತನಕ್ಕೆ?" ಎಂದು ಚುಡಾಯಿಸಿದರೆ ಅವನು ನಾಚಿ ನನ್ನ ಹಿಂದೆ ಸರಿಯುವನು. ನನ್ನ ಹೆಂಡತಿ ಶನಿವಾರಗಳಲ್ಲಿ ಅವನಿಗೆಂದೇ ಹುರುಳಿಕಾಳಿನ ಬಸ್ಸಾರು ಮಾಡತೊಡಗಿದಳು. ಮುದ್ದೆಯನ್ನು ಎರಡು ಸಲ ಹಾಕಿಸಿಕೊಳ್ಳುವನು. ಮೂರನೆಯದಕ್ಕೆ ಬೇಡ ಎಂದು ಬಾಯಲ್ಲಿ ಹೇಳಿ ತಟ್ಟೆಯನ್ನು ಮುಂದಕ್ಕೆ ತಳ್ಳುವನು.

ಮುಂದಿನ ವರ್ಷ ಹತ್ತನೇ ಕ್ಲಾಸು ಖಾಸಗಿಯಾಗಿ ಕಟ್ಟುತ್ತೇನೆ, ಆಮೇಲೆ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಓದುತ್ತೇನೆ ಎಂದ. "ಬಿಚ್ಚದ್ ಗೊತ್ತದೆ ತಾತ, ಕಟ್ಟೋದ್ ಕಲ್ತ್ಕಬೇಕು" ಎಂದ. ನಾನು ನನ್ನ ಹಳೆಯ ಗಣಿತದ ಪುಸ್ತಕ ಹುಡುಕಿಕೊಟ್ಟೆ. ಸಿಲಬಸ್ಸು ಎಂದೋ ಬದಲಾಗಿತ್ತು. ಆದರೂ ಅದನ್ನು ಶರ್ಟಿನೊಳಗೆ ಸಿಕ್ಕಿಸಿಕೊಂಡು ಹೋದ.

ಗಂಡುಮಕ್ಕಳಿಲ್ಲದವನು ನಾನು. ಆ ಕೊರಗು ನನಗೆ ಇರಲಿಲ್ಲ ಎಂದೇ ತಿಳಿದಿದ್ದೆ. ಆದರೆ ಹಸ್ತ, ಚಿತ್ತೆ ಮಳೆ ಕಳೆದು ಪೈರು ಹೊಡೆ ತುಂಬುವ ಹೊತ್ತಿಗೆ, ಶುಕ್ರವಾರ ಸಂಜೆಯೇ ಮನಸ್ಸು ನಾಳೆಯ ಬಸ್ಸಿಗೆ ಕಾಯುತ್ತಿತ್ತು. ಆ ಮೂರು ತಿಂಗಳು ಇನ್ನೊಂದು ಸಲ ಸಿಗುವುದಾದರೆ ಉಳಿದ ಆಯುಸ್ಸನ್ನು ಕೊಟ್ಟುಬಿಡುತ್ತೇನೆ ಎಂದು ಎಷ್ಟೋ ಸಲ ಅನ್ನಿಸಿದೆ. ಒದ್ದೆ ಹುಲ್ಲಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಅವನು ಮುಂದೆ, ಕೊಡೆ ಹಿಡಿದು ನಾನು ಹಿಂದೆ. ಎರಡೂ ಕಡೆ ಹಸಿರು. ನೀರು ನಮ್ಮ ಜೊತೆಗೇ ನಡೆಯುತ್ತಿತ್ತು.

ಹದಿಮೂರನೆಯ ಶನಿವಾರ ನಾವು ತಲೆ ತೂಬಿನ ಹತ್ತಿರ ಕೂತಿದ್ದಾಗ ನನ್ನ ಅಳಿಯ ಕುಮಾರ ಬೈಕಿನಲ್ಲಿ ಬಂದ. ಟಿ. ನರಸೀಪುರದಲ್ಲಿ ಅವನದು ಮೋಟಾರು ಸುತ್ತುವ ಅಂಗಡಿ. ಗೀತಾಗೆ ಎರಡನೆಯ ಹೆರಿಗೆಯಾಗಿತ್ತು, ಹೆಣ್ಣುಮಗು. ಸಿಹಿ ತಂದಿದ್ದ. ಡಬ್ಬ ತೆಗೆಯುತ್ತಿದ್ದವನು ಮಾದೇಶನನ್ನು ಕಂಡು ಕೈ ನಿಲ್ಲಿಸಿದ. ಡಬ್ಬವನ್ನು ನನ್ನ ಕೈಗೆ ತುರುಕಿ, "ಗಿರಾಕಿ ಕಾಯ್ತವ್ರೆ ಮಾವ" ಎಂದು ಹೊರಟೇಹೋದ.

ಮಾದೇಶ ಸಿಹಿ ಮುಟ್ಟಲಿಲ್ಲ. "ಅವ್ರು ನಿಮ್ಗೇನಾಗ್ಬೇಕು ತಾತ?"

"ಅಳಿಯ ಕಣೋ."

ಅವನು ಒಂದು ಎಲೆ ಕಿತ್ತು ನೀರಿಗೆ ಬಿಟ್ಟ. ಆಮೇಲೆ ಹೇಳಿದ. ಆರು ತಿಂಗಳು ಕುಮಾರನ ಅಂಗಡಿಯಲ್ಲಿ ಅವನು ಕೆಲಸಕ್ಕಿದ್ದ. ತಂತಿ ತಂದುಕೊಡು ಎಂದು ಹೇಳಿದ್ದು ಕುಮಾರ. ಯಾರ ತೋಟ, ಯಾವ ಮೋಟಾರು, ಯಾವ ಬೋಲ್ಟು ಮೊದಲು ಬಿಚ್ಚಬೇಕು ಎಂದು ತೋರಿಸಿಕೊಟ್ಟಿದ್ದೂ ಕುಮಾರ. ಗುರುಮಲ್ಲಪ್ಪನವರು ತಮ್ಮ ಮೋಟಾರು ಸುತ್ತಿಸಲು ಬರುತ್ತಿದ್ದದ್ದು ಅದೇ ಅಂಗಡಿಗೆ.

"ಪೊಲೀಸ್ನೋರ್ಗೆ ಯಾಕ್ಲಾ ಏಳ್ನಿಲ್ಲ?"

"ಏಳುದ್ರೆ ನಿಮ್ಮವ್ವುನ್ ಫ್ಯಾಕ್ಟ್ರಿ ಗಂಟ ಬಂದು ಕೆಲ್ಸ ಬುಡುಸ್ತೀನಿ ಅಂದಿದ್ರು ಕುಮಾರಣ್ಣ." ನನ್ನ ಕಡೆ ತಿರುಗಿ, "ನೀವು ಬ್ಯಾಡ ಅಂದ್ರೆ ಈಗ್ಲೂ ಏಳಕಿಲ್ಲ ತಾತ" ಎಂದ.

ಅವತ್ತೇ ನಾನು ಮೇಡಂಗೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ದಾರಿ. ಸಂಜೆ ನರಸೀಪುರಕ್ಕೆ ಹೋಗಿ ಅಳಿಯನ ಅಂಗಡಿಯಲ್ಲಿ ಕೂತೆ. ಕಾಫಿ ತರಿಸಿದ. ವಾರ್ನಿಷ್ ವಾಸನೆಗೆ ತಲೆ ಸುತ್ತುತ್ತಿತ್ತು. "ಇನ್ಮೇಕೆ ಇಂಥದ್ದು ನಡೀಬಾರ್ದು ಕಣಪ್ಪ" ಎಂದೆ. "ಅಮ್ಮನಾಣೆ ಇಲ್ಲ ಮಾವ. ಗೀತಂಗೆ ಒಂದ್ ಏಳ್ಬೇಡಿ, ಹಸೀ ಬಾಣ್ತಿ" ಎಂದ. ಪೈಪು ತೆಗೆಸಿದ ಹಾಗೆಯೇ ಇದೂ ಮುಗಿಯಿತು ಎಂದುಕೊಂಡು ಎದ್ದು ಬಂದೆ.

ಮುಂದಿನ ವಾರ ಮಾದೇಶನಿಗೆ ಹೇಳಿದೆ. "ಕೂಟದಲ್ಲಿ ಕೇಳುದ್ರೆ, ಸೈಕಲ್ ಮೇಲೆ ಬರೋ ಗುಜರಿಯವ್ನ್ಗೆ ಮಾರ್ದೆ ಅನ್ನು. ಗುರುಮಲ್ಲಪ್ಪೋರು ಒಪ್ಕತಾರೆ. ಎಲ್ಲ ನೀರ್ ಅರ್ದಂಗೆ ಅರ್ದೋಯ್ತದೆ." ಅವನು ನನ್ನ ಮುಖ ನೋಡಿ, "ಆಯ್ತು ತಾತ" ಎಂದ. ಅವತ್ತು ಮುದ್ದೆಯನ್ನು ಒಂದೇ ಸಲ ಹಾಕಿಸಿಕೊಂಡ.

ಕೂಟ ಸೇರಿದ್ದು ಡಿಸೆಂಬರಿನಲ್ಲಿ. ನಾಲೆ ನಿಲ್ಲಿಸಿದ್ದರು, ಕೊಯ್ಲು ಶುರುವಾಗಿತ್ತು. ನಂಜನಗೂಡಿನ ಒಂದು ಹಳೆಯ ಮಹಡಿಯಲ್ಲಿ ಐದು ಕುರ್ಚಿ ದುಂಡಗೆ ಹಾಕಿದ್ದರು. ಮಧ್ಯೆ ಮೇಜು ಇರಲಿಲ್ಲ. ಮಾದೇಶನ ತಾಯಿಯನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಣಕಲು ಹೆಂಗಸು, ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಗುರುಮಲ್ಲಪ್ಪನವರು ಕೆಟ್ಟ ಮನಸ್ಸಿಟ್ಟುಕೊಂಡು ಬಂದಿರಲಿಲ್ಲ. ಹುಡುಗನಿಗೆಂದು ಒಂದು ಚಿಪ್ಪು ಬಾಳೆಹಣ್ಣು ತಂದು ಕುರ್ಚಿಯ ಪಕ್ಕ ಇಟ್ಟುಕೊಂಡಿದ್ದರು.

ಮಾದೇಶ ಚೆನ್ನಾಗಿಯೇ ಹೇಳಿದ. ತಪ್ಪಾಯಿತು ಎಂದ. ಬಾಳೆ ಒಣಗಿದ್ದನ್ನು ನೋಡಿ ಬಂದಿದ್ದೇನೆ ಎಂದ. ಗುರುಮಲ್ಲಪ್ಪನವರು ತಲೆದೂಗಿದರು.

"ನಂದೊಂದೇ ಮಾತು ಮೇಡಂ. ಆ ತಂತಿ ತಕಂಡೋನ್ ಯಾರು ಅಂತ ಏಳ್ಬುಡ್ಲಿ, ಈಗ್ಲೇ ಸೈನ್ ಆಕ್ತೀನಿ. ಇವತ್ತು ನನ್ ತೋಟ, ನಾಳೆ ಇನ್ನೊಬ್ಬುಂದು."

"ಸೈಕಲ್ ಮೇಲೆ ಗುಜರಿಯವ್ನು ಬತ್ತಿದ್ದ ಸಾ."

"ಯಾವೂರೋನು?"

"ಗೊತ್ತಿಲ್ಲ ಸಾ."

"ನೀನ್ ಬಿಚ್ಚಿದ್ ದಿನ್ವೇ ಸರ್ಯಾಗಿ ಬತ್ತಿದ್ನಾ? ಏನ್ ಗುಜರಿಯವ್ನೋ ಪಂಚಾಂಗದೋನೋ?"

ಶೈಲಜಾ ಮೇಡಂ ಮುಂದಕ್ಕೆ ಬಾಗಿ, "ಮಾದೇಶ, ದೊಡ್ಡವರು ಯಾರಾದರೂ ನಿನ್ನ ಕೈಲಿ ಮಾಡಿಸಿದ್ರೆ ಅದು ನಿನ್ನ ತಪ್ಪಲ್ಲ. ಹೇಳು, ಯಾರೂ ನಿನಗೆ ಏನೂ ಮಾಡಲ್ಲ" ಎಂದರು.

ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ. ಆಗ ಅವನು ಮೆಲ್ಲಗೆ ಹೇಳಿದ. "ನರಸೀಪುರದ್ ಕುಮಾರಣ್ಣ ಮೇಡಂ. ಮೋಟ್ರು ಸುತ್ತೋರು. ಅವ್ರೇ ಏಳ್ಕೊಟ್ಟಿದ್ದು. ತಾತಂಗೆ ಎಲ್ಲ ಗೊತ್ತು, ನಾನೇ ಏಳಿವ್ನಿ."

"ಹೌದಾ ಯಜಮಾನರೇ?"

ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಹಸಿ ಬಾಣಂತಿ ಮಗಳು ಕಣ್ಣಿಗೆ ಬಂದಳು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕಣ್ಣಿಗೆ ಬಂದದ್ದು ನನ್ನ ಹೆಸರು. ನೀರುಗಂಟಿಯವರ ಅಳಿಯ ಕಳ್ಳಮಾಲು ಕೊಳ್ಳುತ್ತಾನೆ ಎಂದು ನಾಲೆಯ ಉದ್ದಕ್ಕೂ ಜನ ಆಡಿಕೊಳ್ಳುವುದು.

"ಇಲ್ಲ ಮೇಡಂ" ಎಂದೆ. "ನನ್ ತಾವ ಇವ್ನು ಏನೂ ಏಳಿಲ್ಲ."

ತಾಯಿ ಎದ್ದು ಬಂದು ಮಗನ ಕೆನ್ನೆಗೆ ಬಾರಿಸಿದಳು. "ವಾರಾವಾರಾ ಉಣ್ಣಕ್ ಇಕ್ಕುದ್ ಮನೆಯೋರ್ ಮೇಲೆ ಗೂಬೆ ಕೂರುಸ್ತೀಯೇನ್ಲಾ?" ಮೇಡಂ ಅವಳ ಕೈ ಹಿಡಿದುಕೊಂಡರು. ಮಾದೇಶ ಅಳಲಿಲ್ಲ. ಗುರುಮಲ್ಲಪ್ಪನವರು ಹಣ್ಣಿನ ಚಿಪ್ಪು ಎತ್ತಿಕೊಂಡು ಎದ್ದರು. "ಕದಿಯೋದೂ ಅಲ್ದೆ ಮರ್ವಾದಸ್ತರ್ ಎಸ್ರು ಬೇರೆ ಎಳೀತಾನೆ. ಕಳ್ಸಿ ಮೇಡಂ ಮೈಸೂರ್ಗೆ."

ಮೆಟ್ಟಿಲಿನ ಹತ್ತಿರ ಮೇಡಂ ನನ್ನನ್ನು ನಿಲ್ಲಿಸಿ, "ಇನ್ನೊಂದು ಸಲ ಕೇಳ್ತೀನಿ" ಎಂದರು. ನಾನು ಅದೇ ಉತ್ತರ ಕೊಟ್ಟೆ. ಅವರು ನಂಬಲಿಲ್ಲ ಎಂದು ನನಗೆ ಗೊತ್ತಾಯಿತು. ಆದರೆ ನಷ್ಟವಾದವರು ಒಪ್ಪಿರಲಿಲ್ಲ, ಹುಡುಗನ ಮಾತಿಗೆ ಸಾಕ್ಷಿಯೂ ಇರಲಿಲ್ಲ. ಕಾಗದ ಮೈಸೂರಿಗೆ ಹೋಯಿತು.

ಒಂದು ವಾರ ಕಳೆದು, ಬೆಳಿಗ್ಗೆ, ಮಾದೇಶನ ತಾಯಿ ನಮ್ಮ ಮನೆಗೆ ಬಂದಳು. ಫ್ಯಾಕ್ಟರಿಗೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ಸತ್ಯ ಕೇಳಲು ಬಂದಿದ್ದಾಳೆ ಎಂದುಕೊಂಡೆ. ಅವಳು ಜಗುಲಿಯ ಕೆಳಗೇ ನಿಂತು ಕೈ ಮುಗಿದಳು.

"ತಪ್ಪಾಯ್ತು ಅಂತ ಏಳ್ಬುಟ್ ಓಗಕ್ ಬಂದೆ ಬುದ್ಧಿ. ಮಗೀನಂಗ್ ನೋಡ್ಕಂಡ್ರಿ ನೀವು. ನಿಮ್ ಮೇಲೇ ಸುಳ್ಳು ಏಳ್ಬುಟ್ಟ. ನಾನು ಸರ್ಯಾಗ್ ಬೆಳುಸ್ನಿಲ್ಲ. ಮನ್ಸಲ್ಲಿ ಇಟ್ಕಬೇಡಿ."

ಆಗಲೂ ಹೇಳಬಹುದಿತ್ತು. ಜಗುಲಿಯ ಮೇಲೆ ನಾವಿಬ್ಬರೇ. ಒಳಗಿಂದ ಕಾಫಿಯ ಲೋಟದ ಸದ್ದು ಕೇಳುತ್ತಿತ್ತು.

"ಆಗ್ಲಿ ಬುಡವ್ವ" ಎಂದೆ. "ಹುಡ್ಗ್ ಬುದ್ಧಿ."

ಅವಳನ್ನು ನಾನು ಕ್ಷಮಿಸಿದೆ. ನನ್ನ ಹೆಂಡತಿ ಕಾಫಿ ಕೊಟ್ಟಳು. ಮಾದೇಶನ ತಾಯಿ ಲೋಟ ತೊಳೆದಿಟ್ಟು, ಇನ್ನೊಂದು ಸಲ ಕೈ ಮುಗಿದು ಹೋದಳು.

ಮುಂದಿನದೆಲ್ಲ ಕಿವಿಗೆ ಬಿದ್ದದ್ದು. ಮಂಡಳಿಯ ಮುಂದೆ ಹೋಗಿ ಬರುವುದರಲ್ಲಿ ಒಂದು ವರ್ಷಕ್ಕೂ ಮೇಲಾಯಿತು. ಪ್ರತಿ ತಾರೀಖಿಗೂ ತಾಯಿ ಜೊತೆಗೆ ಹೋಗಬೇಕಿತ್ತು, ರಜೆ ಹೆಚ್ಚಾಗಿ ಕೆಲಸ ಹೋಯಿತು. ಹತ್ತನೇ ಕ್ಲಾಸಿಗೆ ಕಟ್ಟುವುದು ನಿಂತಿತು. ವಠಾರದವರು ಮನೆ ಬಿಡಿಸಿದರು. ನಾನು ಆಮೇಲೆ ಕೂಟಕ್ಕೆ ಹೋಗಲಿಲ್ಲ, ತೂಬಿನ ಕೀಲಿಕೈಯನ್ನೂ ರೈತರಿಗೆ ಒಪ್ಪಿಸಿಬಿಟ್ಟೆ. ಶನಿವಾರ ಬೆಳಿಗ್ಗೆ ನಂಜನಗೂಡಿನ ಬಸ್ಸು ಗೇಟಿನಲ್ಲಿ ನಿಂತರೆ ಈಗಲೂ ಕತ್ತು ತಾನಾಗಿ ಆ ಕಡೆ ತಿರುಗುತ್ತದೆ.

ಹೋದ ತಿಂಗಳು ಆ ಕಟ್ಟೆಯ ಮೇಲಿಂದ ಎದ್ದವನು ಮನೆಗೆ ಬಂದು ಕೂರಲಾಗದೆ, ಮಾರನೆಯ ದಿನವೇ ಅವರನ್ನು ಹುಡುಕಿಕೊಂಡು ಹೊರಟೆ. ಕೂಟ ನಡೆಯುತ್ತಿದ್ದ ಮಹಡಿಯಲ್ಲಿ ಈಗ ಹೊಲಿಗೆ ಕ್ಲಾಸು. ವಠಾರದವರನ್ನು ಕೇಳಿದಾಗ ಬಿಳಿಗೆರೆ ಕಡೆ ಹೋದರು ಎಂದರು. ಬಿಳಿಗೆರೆಯಲ್ಲಿ ಎರಡು ದಿನ ಅಲೆದ ಮೇಲೆ, ಟೊಮೇಟೊ ಕ್ರೇಟು ತುಂಬುತ್ತಿದ್ದ ಒಂದು ಗೂಡ್ಸ್ ಆಟೋದ ಹತ್ತಿರ ಮಾದೇಶ ಸಿಕ್ಕಿದ. ಗಡ್ಡ ಬಂದಿದೆ. ಮೈ ತುಂಬಿಕೊಂಡಿದ್ದಾನೆ.

"ತಾತ! ನೀರುಗಂಟಿ ತಾತ! ಇನ್ನೂ ಗಟ್ಟಿಯಾಗಿದ್ದೀರಲ್ಲ!" ಎಂದು ಅವನೇ ಓಡಿ ಬಂದ. ಟೀ ಕೊಡಿಸಿದ. ನಾನು ಲೋಟ ಕೆಳಗಿಟ್ಟೆ. ರಸ್ತೆಯಲ್ಲೇ ಅವನ ಎರಡೂ ಕೈ ಹಿಡಿದು, ತಪ್ಪಾಯಿತು ಕಣಪ್ಪ ಎಂದೆ. ಎಲ್ಲ ಹೇಳಿದೆ. ಅವನು ಅತ್ತಿತ್ತ ನೋಡಿದ.

"ಬುಡಿ ತಾತ, ಎಷ್ಟ್ ವರ್ಸ ಆಯ್ತು. ಮೈಸೂರಲ್ಲೂ ಒಳ್ಳೆ ಜನ್ವೇ ಇದ್ರು, ಬುದ್ಧಿ ಏಳಿ ಬುಟ್ರು. ನಂಗೇನಿಲ್ಲ."

"ನಿಮ್ಮವ್ವ ಎಲ್ಲವ್ರೆ? ಕರ್ಕಂಡ್ ಓಗು. ಅವ್ರ ಕಾಲ್ಗೆ ಬೀಳ್ಬೇಕು."

ಅವನು ಕ್ರೇಟುಗಳಿಗೆ ಹಗ್ಗ ಬಿಗಿಯತೊಡಗಿದ. "ಅವ್ವ ಓಗ್ಬುಟ್ಟು ಎರ್ಡ್ ವರ್ಸ ಆಯ್ತು ತಾತ." ಹಗ್ಗದ ಗಂಟು ಹಾಕಿ, ಅದನ್ನು ಬಿಚ್ಚಿ, ಮತ್ತೆ ಹಾಕಿದ. "ನಾನ್ ಎಷ್ಟ್ ಬಡ್ಕಂಡ್ರೂ ಅವ್ಳು ನಂಬ್ನೇ ಇಲ್ಲ. ಆ ನೀರುಗಂಟಿಯೋರು ಯಾಕ್ಲಾ ಸುಳ್ಳು ಏಳಾರು, ನನ್ ತಪ್ಪುನ್ನೂ ಒಟ್ಟೆಗ್ ಆಕ್ಕಂಡ್ರು, ಅಂಥೋರು ಅನ್ನೋಳು. ಆಸ್ಪತ್ರೇಲೂ ಅದೇ. ಇನ್ಮೇಲಾರ ನಿಜ ಏಳ್ಕಂಡ್ ಬದುಕ್ಲಾ ಅಂದ್ಬುಟ್ಟೇ ಓದ್ಲು."

ಯಾರೋ ಹಾರ್ನ್ ಮಾಡಿದರು. ಅವನು ಸೀಟಿಗೆ ಹತ್ತಿ, "ಹುಷಾರಾಗ್ ಓಗಿ ತಾತ, ನಂಜನಗೂಡು ಬಸ್ಸು ಆ ಕಡೆ" ಎಂದು ಕೈ ತೋರಿಸಿ ಹೊರಟ.

ಬಂದ ಮೇಲೆ ಗುರುಮಲ್ಲಪ್ಪನವರ ತೋಟಕ್ಕೆ ಹೋಗಿ ಹೇಳಿದೆ. ಅವರು ಎದ್ದು ಒಳಗೆ ಹೋದರು. ಶೈಲಜಾ ಮೇಡಂ ಈಗ ಎಲ್ಲಿದ್ದಾರೋ, ಟ್ರಸ್ಟಿನ ವಿಳಾಸಕ್ಕೆ ಕಾಗದ ಹಾಕಿದ್ದೇನೆ. ಇದರ ಒಂದು ಪ್ರತಿಯನ್ನು ಗೀತಾಗೆ, ಒಂದನ್ನು ಕುಮಾರನಿಗೆ ನನ್ನ ಕೈಯಾರೆ ಕೊಡುತ್ತೇನೆ. ಇಷ್ಟು ಜನಕ್ಕೆ ಹೇಳಿದರೂ, ಮೊದಲು ಹೇಳಬೇಕಾಗಿದ್ದವಳಿಗೆ ಹೇಳಲಿಲ್ಲ. ತಾಂಡ್ಯಕ್ಕೆ ಕೆಲಸಕ್ಕೆ ಹೋಗಿ ಒಬ್ಬಳೇ ಮಗನನ್ನು ಸಾಕಿದಳು. ನನ್ನ ಮಾತು ನಂಬಿ, ಆ ಮಗನನ್ನು ಸುಳ್ಳುಗಾರ ಎಂದುಕೊಂಡೇ ಕಣ್ಣು ಮುಚ್ಚಿದಳು. ಅವಳ ಹೆಸರು ಚಿಕ್ಕತಾಯಮ್ಮ.